ಮೂಲೆಮನೆಗೆ ಬತ್ತಿ ತಂದವನು

ಶಿಕಾಗೊ ನಗರ ಸುಟ್ಟುಹೋದ ಮೇಲೆ ಚರ್ಚಿನ ಮುಂದೆ ರೊಟ್ಟಿ ಹಂಚುತ್ತಿದ್ದರು. ತನಗೊಂದು, ಗಂಡನಿಗೊಂದು ಕೇಳಬೇಕೆಂದು ಡೀಲಿಯಾ ಸಾಲಿನಲ್ಲಿ ನಿಂತಿದ್ದಳು. ಕಲ್ಲುಗಣಿಯಲ್ಲಿ ಮದ್ದು ಸಿಡಿಸುವ ಅವಳ ಗಂಡ ಬೆಂಕಿಯ ದಿನ ಹೋದವನು ಇನ್ನೂ ಮರಳಿರಲಿಲ್ಲ. ಅವಳ ಮುಂದೆ ಮೈಯೆಲ್ಲ ಮಸಿಯಾದ ಭಾವ-ಭಾಮೈದ ಇಬ್ಬರು ಕಚ್ಚಾಡುತ್ತಿದ್ದರು.

"ನಿಮ್ಮ ತೋಳಿನ ಮೇಲೆ ಇನ್ನೂ ರಕ್ತ ಇದೆ, ಭಾವ."

"ಇರ್ಲಿ ಬಿಡೋ ಬಾರ್ನಿ. ಊರಿಗೆ ಬೆಂಕಿ ಇಟ್ಟೋನ ರಕ್ತ."

"ಅವನು ಇಟ್ಟಿಲ್ಲ. ಮೂಲೆಮನೇನ ಮದ್ದಿಟ್ಟು ಉರುಳಿಸೋಕೆ ಬಂದಿದ್ದ. ಅಲ್ಲಿ ಬಯಲಾದ್ರೆ ಬೆಂಕಿ ಈಚೆ ದಾಟಲ್ಲ ಅಂತ. ಅವನ ಹಿಂದೇನೇ ಮದ್ದಿನ ಪೀಪಾಯಿ ತಂದೋನು ಆಮೇಲೆ ಹೇಳಿದ್ನಲ್ಲ!"

"ಮತ್ತೆ ಮನೆ ಬಿಟ್ಟು ಓಡಿ ಅಂತ ಯಾಕೆ ಅರಚ್ತಿದ್ದ? ಕಳ್ಳರು ಹಂಗೇ ಮನೆ ಖಾಲಿ ಮಾಡ್ಸೋದು. ಕೈಲಿ ಉರಿಯೋ ಬತ್ತಿ ಬೇರೆ!"

"ಬತ್ತಿ ಇಲ್ದೆ ಮದ್ದು ಸಿಡಿಯುತ್ತಾ? ಕೆಳಗೆ ಬಿದ್ದೋನ ತಲೆ ಮೇಲೆ ಕುಣಿದ್ರಲ್ಲ ನೀವು!"

"ನೀನೇನು ಹೂವು ಎರಚ್ತಿದ್ದಾ? ಮೊದಲ ಇಟ್ಟಿಗೆ ಬೀಸಿದ್ದು ಯಾರು?"

"ನಾನೇ... ಎಡಗೈ ಅಡ್ಡ ಹಿಡಿದು ಬೇಡ್ಕೊಂಡ. ಆ ಕೈಗೆ ಎರಡು ಬೆರಳೇ ಇರ್ಲಿಲ್ಲ, ಭಾವ."

ಡೀಲಿಯಾಳ ಕೈಯಿಂದ ಚೀಲ ಜಾರಿತು.

"ಬಾಯಿ ಮುಚ್ಕೊಳ್ಳೋ."

"ಮುಚ್ಕೊಂಡ್ರೆ? ಅವನ ಉಸಿರು ನಿಲ್ಲೋ ಹೊತ್ತಿಗೆ ಬೆಂಕಿ ಆ ಮೂಲೆಮನೇನೇ ಹತ್ತಿ ನಮ್ಮ ಬೀದೀನೆಲ್ಲ ನುಂಗ್ತು. ನಿಮ್ಮ ಮನೆ, ನನ್ನ ಮನೆ, ಅಕ್ಕನ ತೊಟ್ಟಿಲು, ಎಲ್ಲಾ."

ರೊಟ್ಟಿ ತೆಗೆದುಕೊಂಡು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಡೆದರು.

"ಮನೇಲಿ ಎಷ್ಟು ಜನಮ್ಮಾ?" ಎಂದಳು ರೊಟ್ಟಿ ಕೊಡುವವಳು.

"ಒಬ್ಬಳೇ," ಎಂದಳು ಡೀಲಿಯಾ.