ಒಂದು ಬೆಂಕಿಕಡ್ಡಿಯಷ್ಟು ಎತ್ತರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಈ ಗಿಟಾರ್ ತರಗತಿಯನ್ನು ಹತ್ತು ವರ್ಷಗಳಿಂದ ನಡೆಸಿಕೊಂಡು ಬಂದಿರುವ, ಒಂದು ಕಾಲದಲ್ಲಿ ನನ್ನ ಶಿಷ್ಯರಾಗಿದ್ದ ಮೇಷ್ಟ್ರೇ, ಇವತ್ತು ಮೊದಲ ಸಲ ವೇದಿಕೆ ಹತ್ತಲಿರುವ ಪುಟ್ಟ ಕಲಾವಿದರೇ, ಅವರಿಗಿಂತ ಹೆಚ್ಚು ಹೆದರಿಕೊಂಡು ಕೂತಿರುವ ಅಪ್ಪ ಅಮ್ಮಂದಿರೇ, ಮತ್ತು ಸಭಿಕರೇ,

ನನಗೆ ಕೊಟ್ಟಿರುವ ಸಮಯ ಹತ್ತು ನಿಮಿಷ. ವಿಷಯ, ‘ಹೊಸದಾಗಿ ಗಿಟಾರ್ ಕಲಿಯುವವರಿಗೆ ನಾಲ್ಕು ಮಾತು’. ಮನೆಯಲ್ಲಿ ಕೂತು ಚೆಂದವಾಗಿ ಬರೆದುಕೊಂಡು ಬಂದಿದ್ದೆ. ಆ ಹಾಳೆ ಈಗಲೂ ಜೇಬಿನಲ್ಲಿದೆ. ಆದರೆ ಅರ್ಧ ಗಂಟೆಯ ಹಿಂದೆ, ವೇದಿಕೆಯ ಹಿಂದಿನ ಕೋಣೆಯಲ್ಲಿ ಒಂದು ಸಂಗತಿ ನಡೆಯಿತು. ಅಲ್ಲಿಂದಾಚೆಗೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅಧ್ಯಕ್ಷರು ಮಾತನಾಡುವಾಗ ನಾನು ನಾಲ್ಕು ಸಲ ನೀರು ಕುಡಿದದ್ದನ್ನು ನೀವೆಲ್ಲ ನೋಡಿದಿರಿ. ಕೊನೆಯ ಸಲ ಕುಡಿದದ್ದು ಅವರ ಲೋಟದ ನೀರು. ಕ್ಷಮಿಸಬೇಕು, ಅಧ್ಯಕ್ಷರೇ.

ಇರಲಿ, ವಿಷಯಕ್ಕೆ ಬರುತ್ತೇನೆ.

ಮೊದಲನೆಯ ಮಾತು ಉಗುರು. ಎಡಗೈಯ ಉಗುರುಗಳನ್ನು ಚಿಕ್ಕದಾಗಿ ಕತ್ತರಿಸಿ. ಉಗುರು ಬಿಟ್ಟುಕೊಂಡು ತಂತಿ ಒತ್ತಲು ಹೋದರೆ ಬೆರಳ ತುದಿ ಊರುವುದೇ ಇಲ್ಲ. ಆಮೇಲೆ, ಗಿಟಾರಿನ ಕತ್ತಿಗೆ ಅಡ್ಡಡ್ಡಲಾಗಿ ಕೂರಿಸಿರುವ ಲೋಹದ ಪಟ್ಟಿಯ ಮೇಲೆಯೇ ತಂತಿಯನ್ನು ಒತ್ತಬೇಡಿ. ಪಟ್ಟಿಯ ಹಿಂದೆ, ಅದಕ್ಕೆ ತಾಗುವಷ್ಟು ಹತ್ತಿರ ಒತ್ತಿ. ಅರ್ಧದಷ್ಟು ಬಲ ಸಾಕು. ಗಿಟಾರನ್ನು ಚೀಲದೊಳಗಿಟ್ಟು ಜಿಪ್ ಎಳೆದು ಮಂಚದ ಕೆಳಗೆ ತಳ್ಳಬೇಡಿ. ಓಡಾಡುವಾಗ ಕಾಲಿಗೆ ಎಡವುವ ಜಾಗದಲ್ಲಿರಲಿ. ಕಣ್ಣಿಗೆ ಬಿದ್ದರೆ ಕೈಗೂ ಬರುತ್ತದೆ. ದಿನಕ್ಕೆ ಹತ್ತು ನಿಮಿಷ ನುಡಿಸಿ, ಸಾಕು. ಆರು ದಿನ ಮುಟ್ಟದೆ ಭಾನುವಾರ ಎರಡು ಗಂಟೆ ಜಜ್ಜಿದರೆ ಪಕ್ಕದ ಮನೆಯವರ ಸ್ನೇಹ ಹೋಗುತ್ತದೆಯೇ ಹೊರತು ವಿದ್ಯೆ ಬರುವುದಿಲ್ಲ.

ನನ್ನ ಹತ್ತಿರ ಕಲಿಯಲು ಬಂದ ಹುಡುಗರಲ್ಲಿ ಅರ್ಧದಷ್ಟು ಜನ ಯಾರೋ ಒಬ್ಬಳನ್ನು ಮೆಚ್ಚಿಸಲೆಂದೇ ಬಂದವರು. ಎರಡು ತಿಂಗಳು ಬಲು ಉತ್ಸಾಹ. ಮೂರನೆಯ ತಿಂಗಳು, ಒಂದೇ ಬೆರಳನ್ನು ಅಡ್ಡಲಾಗಿ ಇಟ್ಟು ಆರೂ ತಂತಿ ಒತ್ತಬೇಕಾದ ಎಫ್ ಕಾರ್ಡ್ ಬರುತ್ತದೆ. ಅಲ್ಲಿಗೆ ಪ್ರೇಮವೂ ಮುಗಿಯಿತು, ಗಿಟಾರೂ ಮುಗಿಯಿತು. ನಗುತ್ತಿದ್ದೀರಿ. ಹಿಂದಿನ ಸಾಲಿನಲ್ಲಿ ಒಬ್ಬರು ತಲೆ ತಗ್ಗಿಸಿದರು, ಅವರ ಗುಟ್ಟು ನನ್ನಲ್ಲೇ ಇರಲಿ.

ಮೂವತ್ತೆಂಟು ವರ್ಷ ಪಾಠ ಹೇಳಿದ್ದೇನೆ. ನಾನೂರು ಮಕ್ಕಳಾದರೂ ಕಲಿತು ಹೋಗಿರಬಹುದು. ಪಾಠದ ಜೊತೆಗೆ ಮದುವೆ ಮನೆಗಳಲ್ಲಿ ವಾದ್ಯವೃಂದಕ್ಕೂ ಬಾರಿಸುತ್ತಿದ್ದೆ. ಆ ಗದ್ದಲದಲ್ಲಿ ಕೇಳಿಸಬೇಕಾದರೆ ತಂತಿಗೆ ಜೋರಾಗಿ ಹೊಡೆಯಬೇಕು. ಜೋರಾಗಿ ಹೊಡೆದಾಗ ತಂತಿ ಕೆಳಗಿನ ಪಟ್ಟಿಗೆ ಬಡಿದು ಗುಂಯ್‌ಗುಡಬಾರದೆಂದರೆ, ತಂತಿಗಳನ್ನು ಎತ್ತರಿಸಿಕೊಳ್ಳಬೇಕು. ನನ್ನ ಗಿಟಾರ್ ಹಾಗಿತ್ತು. ಅಷ್ಟು ಎತ್ತರದ ತಂತಿ ಒತ್ತಲು ದುಪ್ಪಟ್ಟು ಬಲ ಬೇಕು, ಒತ್ತಿ ಒತ್ತಿ ನನ್ನ ಬೆರಳ ತುದಿಗಳು ಕಲ್ಲಾಗಿದ್ದವು. ಈ ಎಡಗೈಯಿಂದ ಕುದಿಯುವ ಚಹಾದ ಲೋಟ ಎತ್ತುತ್ತಿದ್ದೆ, ನನಗೆ ಬಿಸಿಯೇ ತಾಕುತ್ತಿರಲಿಲ್ಲ. ಅದನ್ನು ನಾಲ್ಕು ಜನರಿಗೆ ತೋರಿಸಿ ಬೀಗುತ್ತಲೂ ಇದ್ದೆ.

ಆ ಗಿಟಾರನ್ನು ನಾನು ನನ್ನ ಮಗಳಿಗೆ ಕೊಟ್ಟೆ. ಅವಳಿಗಾಗ ಹನ್ನೊಂದು ವರ್ಷ.

ಮೇಷ್ಟ್ರು ಗಡಿಯಾರ ನೋಡುತ್ತಿದ್ದಾರೆ. ನೋಡಪ್ಪಾ, ಚೆನ್ನಾಗಿ ನೋಡು. ಆರು ತಿಂಗಳು ನಿನ್ನ ತಾಳ ತಪ್ಪಿದಾಗ ನಾನು ಗಡಿಯಾರ ನೋಡಿದ್ದೆನೇ?

ಶಿಷ್ಯರಿಗೆಲ್ಲ ಅಂಗಡಿಯ ಹೊಸ ಗಿಟಾರು, ಮಗಳಿಗೆ ಮಾತ್ರ ಅಪ್ಪನ ಗಿಟಾರು. ಅದೊಂದು ದೊಡ್ಡ ಗೌರವ ಎಂದುಕೊಂಡಿದ್ದೆ. ಮೊದಲ ವಾರ ಅವಳು, “ಅಪ್ಪಾ, ಬೆರಳು ನೋಯ್ತಿದೆ” ಅಂದಳು. “ಎಲ್ಲರಿಗೂ ನೋಯುತ್ತೆ ಪುಟ್ಟೀ, ಎರಡು ವಾರದಲ್ಲಿ ಸರಿಹೋಗುತ್ತೆ” ಅಂದೆ. ಆ ಮಾತು ನಿಜವೇ. ಮಕ್ಕಳೇ, ನಿಮಗೂ ಒಂದೆರಡು ವಾರ ನೋಯುತ್ತದೆ, ಹೆದರಬೇಡಿ. ಆದರೆ ಎರಡು ತಿಂಗಳಾದ ಮೇಲೂ, “ಅಪ್ಪಾ, ನೋಯ್ತಿದೆ” ಅಂದಳು. ಆರು ತಿಂಗಳಾದ ಮೇಲೂ ಅಂದಳು. ಆಮೇಲೆ ಹೇಳುವುದನ್ನೇ ಬಿಟ್ಟಳು. ನೋವು ಹೋಯಿತು ಎಂದುಕೊಂಡೆ, ನೋಡಿ, ನನ್ನ ಬುದ್ಧಿಗಿಷ್ಟು! ನನ್ನ ಹೆಂಡತಿ, “ಏನ್ರೀ, ಮಗು ಬೆರಳು ಒಂದ್ಸಲ ನೋಡಿದೀರಾ? ಪೆನ್ಸಿಲ್ ಹಿಡಿಯೋಕಾಗ್ತಿಲ್ಲ ಅದಕ್ಕೆ” ಅಂದಳು. “ನೀನು ಸುಮ್ನಿರೇ, ನಿಂಗೇನು ಗೊತ್ತು ಗಿಟಾರ್ ವಿಷ್ಯ” ಅಂದೆ. ಗಿಟಾರಿನ ವಿಷಯ ನನಗೊಬ್ಬನಿಗೇ ಗೊತ್ತಿದ್ದದ್ದು, ಅಲ್ಲವೇ?

ಎರಡು ವರ್ಷ ಅವಳು ನುಡಿಸಿದಳು. ಅವಳಾದ ಮೇಲೆ ಬಂದವರು ಅವಳಿಗಿಂತ ಮುಂದೆ ಹೋದರು. ಅವಳ ತಂತಿಗಳು ಮಾತ್ರ ಟಪ್ ಟಪ್ ಎಂದು ಸತ್ತ ಸದ್ದು ಮಾಡುತ್ತಿದ್ದವು. ಆಮೇಲೆ ನಮ್ಮ ತರಗತಿಯ ವಾರ್ಷಿಕೋತ್ಸವ ಬಂತು. ಇಂಥದೇ ಸಭೆ, ಇಂಥದೇ ಮೈಕು. ಅವಳು ನುಡಿಸುತ್ತಾ ನುಡಿಸುತ್ತಾ ಮಧ್ಯದಲ್ಲಿ ನಿಲ್ಲಿಸಿಬಿಟ್ಟಳು. ಸಭೆ ಮೌನವಾಯಿತು. ಆ ಮೌನ ನನಗೆ ತಡೆಯಲಾಗಲಿಲ್ಲ. ನಾನು ಎದ್ದು ಬಂದು ಮೈಕ್ ಹಿಡಿದು ಹೇಳಿದೆ, “ಕೆಲವರಿಗೆ ಗಿಟಾರ್ ಹಿಡಿಯೋ ಕೈ ಇರುತ್ತೆ, ಕೆಲವರಿಗೆ ಇರಲ್ಲ. ಏನ್ಮಾಡೋದು, ನನ್ನ ಮಗಳಿಗೇ ಇಲ್ಲ!” ಎಂದು.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮಾರನೆಯ ದಿನ ಗಿಟಾರನ್ನು ಚೀಲದೊಳಗಿಟ್ಟು, ಜಿಪ್ ಎಳೆದು, ಮಂಚದ ಕೆಳಗೆ ತಳ್ಳಿದಳು. ಮತ್ತೆ ಮುಟ್ಟಲಿಲ್ಲ.

ನೀರು ಬೇಡ, ಕೂರಿ. ಮುಗಿಸುತ್ತೇನೆ.

ಅದಾಗಿ ಒಂದು ವರ್ಷಕ್ಕೆ ಆ ಗಿಟಾರನ್ನು ರಿಪೇರಿಯವರ ಹತ್ತಿರ ಒಯ್ದೆ. ವಯಸ್ಸಾದವರು, ಅಳತೆಪಟ್ಟಿ ಎಲ್ಲಿಟ್ಟೆನೆಂದು ಹುಡುಕಿ ಹುಡುಕಿ, ಸಿಗದೆ, ಒಲೆಯ ಪಕ್ಕದಲ್ಲಿದ್ದ ಬೆಂಕಿಪೊಟ್ಟಣ ತಂದರು. ಒಂದು ಕಡ್ಡಿಯನ್ನು ಹನ್ನೆರಡನೆಯ ಪಟ್ಟಿಯ ಮೇಲೆ, ತಂತಿಯ ಅಡಿಯಲ್ಲಿ ತೂರಿಸಿದರು. ಸಲೀಸಾಗಿ ಹೋಯಿತು. ಅದರ ಮೇಲೆ ಇನ್ನೊಂದು ತೂರಿಸಿದರು. ಅದೂ ಹೋಯಿತು. “ಒಂದು ಕಡ್ಡಿಯಷ್ಟಿದ್ರೆ ಸರಿ ಮೇಷ್ಟ್ರೇ. ಇಲ್ಲಿ ಎರಡು ಹಿಡೀತಿದೆ. ಯಾರು ನುಡಿಸ್ತಿದ್ರು ಇದನ್ನ? ಬೆರಳು ಕಿತ್ತುಹೋಗುತ್ತಲ್ಲ!” ಅಂದರು.

“ನಾನೇ” ಅಂದೆ.

ಅವರು ಗಿಟಾರಿನ ಬುಡದಲ್ಲಿ ತಂತಿ ಕೂರುವ ಬಿಳಿಯ ಪಟ್ಟಿಯನ್ನು ತೆಗೆದು, ಅಡಿಯನ್ನು ಅರದಿಂದ ಉಜ್ಜಿ ತಗ್ಗಿಸಿ ಕೊಟ್ಟರು. ಮುಕ್ಕಾಲು ಗಂಟೆಯ ಕೆಲಸ. ಎರಡು ವರ್ಷ ನನ್ನ ಮಗಳು ಒದ್ದಾಡಿದ್ದು ಈ ಮುಕ್ಕಾಲು ಗಂಟೆಯ ಕೆಲಸಕ್ಕೆ. ಮನೆಗೆ ಬಂದೆ. ಅವಳು ಊಟದ ಮೇಜಿನ ಹತ್ತಿರ ಕೂತು ಲೆಕ್ಕದ ಹೋಮ್‌ವರ್ಕ್ ಮಾಡುತ್ತಿದ್ದಳು. ಹೇಳಬಹುದಿತ್ತು. “ಏನಪ್ಪಾ?” ಅಂತಲೂ ಕೇಳಿದಳು. “ಏನಿಲ್ಲ” ಅಂದೆ.

ಅದಾಗಿ ಹತ್ತೊಂಬತ್ತು ವರ್ಷವಾಯಿತು. ಆ ವರ್ಷದಿಂದ ನನ್ನ ತರಗತಿಯ ಮೊದಲ ಪಾಠವೇ ಬೆಂಕಿಕಡ್ಡಿ. ಹೊಸಬರು ಯಾರೇ ಬರಲಿ, ಮೊದಲು ಅವರ ಗಿಟಾರಿಗೆ ಕಡ್ಡಿ ಇಟ್ಟು ನೋಡುತ್ತೇನೆ. ನಿಮ್ಮ ಮೇಷ್ಟ್ರೂ ಅದನ್ನು ನನ್ನಿಂದಲೇ ಕಲಿತರು. ಬಂದವರಿಗೆಲ್ಲ ಹೇಳಿದೆ, ಹೇಳಬೇಕಾದ ಒಬ್ಬಳಿಗೆ ಹೇಳಲಿಲ್ಲ. ಅವಳು ದೊಡ್ಡವಳಾದಳು, ಓದಿದಳು, ಮದುವೆಯಾದಳು, ಮಗುವಾಯಿತು. ಯಾರಾದರೂ ಮನೆಗೆ ಬಂದು, “ನೀನೂ ನುಡಿಸ್ತೀಯೇನಮ್ಮಾ?” ಎಂದು ಕೇಳಿದರೆ ನಗುತ್ತಾ, “ಇಲ್ಲ, ನಂಗೆ ಕೈ ಇಲ್ಲ” ಅನ್ನುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ. ಇದಕ್ಕೆ ಏನನ್ನಬೇಕು? ಮರೆವೇ? ನಾಚಿಕೆಯೇ? ಹೇಡಿತನ ಎನ್ನುವುದೇ ಸರಿ.

ಈಗ ಆ ಹಿಂದಿನ ಕೋಣೆಯ ಸಂಗತಿ. ಮಕ್ಕಳೆಲ್ಲ ಸಾಲಾಗಿ ಗಿಟಾರ್ ಹಿಡಿದು ನಿಂತಿದ್ದರು. ಅಭ್ಯಾಸಬಲ ನೋಡಿ, ಒಂದೊಂದನ್ನೇ ಮುಟ್ಟಿ ನೋಡುತ್ತಾ ಬಂದೆ. ಕೊನೆಯ ಮಗು ತಲೆ ಎತ್ತಿತು. ನನ್ನ ಮೊಮ್ಮಗಳು! ಎಂಟು ವರ್ಷದವಳು. ಮೂರು ತಿಂಗಳಿಂದ ಇಲ್ಲಿ ಕಲಿಯುತ್ತಿದ್ದಾಳಂತೆ. ಗಿಟಾರ್ ಮೇಷ್ಟ್ರಾದ ತಾತನಿಗೇ ಸುದ್ದಿಯಿಲ್ಲ. “ತಾತಾ, ಅಮ್ಮ ನಿಮಗೆ ಹೇಳ್ಬೇಡ ಅಂದಿದ್ರು” ಅಂದಳು. ನಿಜ ಹೇಳುತ್ತೇನೆ, ಮೊದಲು ಸಿಟ್ಟು ಬಂತು. ನನ್ನ ಶಿಷ್ಯ ಆಗಬಹುದು, ನಾನು ಆಗುವುದಿಲ್ಲವೇ?

ಆದರೂ ಅವಳ ಗಿಟಾರ್ ತೆಗೆದುಕೊಂಡು ಒತ್ತಿ ನೋಡಿದೆ. ಬೆಣ್ಣೆಯಂತಿತ್ತು. “ಯಾರು ಆರಿಸಿದ್ದು?” ಅಂದೆ. “ಅಮ್ಮ! ಅಂಗಡೀಲಿ ಏಳು ಗಿಟಾರಿಗೂ ಬೆಂಕಿಕಡ್ಡಿ ಇಟ್ಟು ನೋಡಿದ್ರು ತಾತಾ, ಅಂಗಡಿಯವರಿಗೆ ಸಾಕಾಗಿಹೋಯ್ತು. ಹಾಗೆ ನೋಡೋಕೆ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ರು. ಮೇಷ್ಟ್ರಿಗೆ ನೀವಂತೆ.” ಆಮೇಲೆ ಅವಳೇ ಹೇಳಿದಳು, “ಇದನ್ನ ಅಮ್ಮಾನೂ ಒಂದ್ಸಲ ಒತ್ತಿ ನೋಡಿದ್ರು. ‘ನೋಯೋದೇ ಇಲ್ವಲ್ಲೇ!’ ಅಂದ್ರು. ಸುಮಾರು ಹೊತ್ತು ಅಲ್ಲೇ ಕೂತಿದ್ರು.”

ಸಭಿಕರೇ, ನನ್ನ ಮಗಳಿಗೆ ಗೊತ್ತಾಗಿದೆ, ಕಡ್ಡಿಯ ಲೆಕ್ಕವೂ, ಅದು ಅಪ್ಪನಿಗೆ ಗೊತ್ತಿತ್ತು ಎಂಬುದೂ. ಮೂರು ತಿಂಗಳಿಂದ ಗೊತ್ತಿದೆ. ಪ್ರತಿ ವಾರ ಮನೆಗೆ ಬರುತ್ತಾಳೆ, “ಅಪ್ಪಾ, ಮಾತ್ರೆ ತಗೊಂಡ್ರಾ?” ಅನ್ನುತ್ತಾಳೆ, ಹೋಗುತ್ತಾಳೆ. ಒಂದು ಮಾತು ಕೇಳಲಿಲ್ಲ. ನಾನಾಗಿಯೇ ಹೇಳಲಿ ಎಂದು ಕಾದಳೋ, ಇವರಿಂದ ಆಗದ ಕೆಲಸ ಎಂದು ಕೈಬಿಟ್ಟಳೋ, ಕೇಳುವ ಮುಖ ನನಗಿಲ್ಲ. ಮೂರನೆಯ ಸಾಲಿನಲ್ಲಿ, ಓಡಾಡುವ ದಾರಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಳೆ. ಎದ್ದು ಹೋಗುತ್ತಾಳೇನೋ ಎಂದು ಇಷ್ಟು ಹೊತ್ತೂ ಅತ್ತಲೇ ನೋಡುತ್ತಿದ್ದೆ. ಇನ್ನೂ ಕೂತಿದ್ದಾಳೆ. ನೀವು ಯಾರೂ ತಿರುಗಿ ನೋಡಬೇಡಿ, ದಯವಿಟ್ಟು.

ಹೊಸದಾಗಿ ಕಲಿಯುವವರಿಗೆ ನನ್ನ ಕೊನೆಯ ಮಾತು ಇದು. ಅಪ್ಪ ಅಮ್ಮಂದಿರೂ ಕೇಳಿಸಿಕೊಳ್ಳಿ, ಮೇಷ್ಟ್ರುಗಳೂ ಕೇಳಿಸಿಕೊಳ್ಳಿ. ಮಗು ನೋವು ಎಂದರೆ ಮೊದಲು ವಾದ್ಯವನ್ನು ನೋಡಿ. ಆಮೇಲೆ ಅದನ್ನು ಕೊಟ್ಟವರ ಮುಖ ನೋಡಿ. ಮಗುವಿನ ಕೈಯನ್ನು ಕಟ್ಟಕಡೆಗೆ ನೋಡಿ.

ಮೈಕಿನಲ್ಲಿ ಆಡಿದ ಮಾತನ್ನು ಮೈಕಿನಲ್ಲೇ ವಾಪಸು ತೆಗೆದುಕೊಳ್ಳಬೇಕು. ಮನೆಯ ಮೂಲೆಯಲ್ಲಿ ಮೆಲ್ಲಗೆ ಹೇಳಿದರೆ ನಡೆಯುವುದಿಲ್ಲ. ಪುಟ್ಟೀ, ನಿನಗೆ ಕೈ ಇತ್ತು. ಎರಡು ಕಡ್ಡಿ ಎತ್ತರದ ತಂತಿಯ ಮೇಲೆ ಎರಡು ವರ್ಷ ನುಡಿಸಿದೆಯಲ್ಲ, ಅಂಥ ಕೈ ನನ್ನ ನಾನೂರು ಶಿಷ್ಯರಲ್ಲಿ ಒಬ್ಬರಿಗೂ ಇರಲಿಲ್ಲ. ತಪ್ಪು ಗಿಟಾರಿನದು, ಅದು ಗೊತ್ತಾದ ಮೇಲೂ ಬಾಯಿ ಬಿಡದ ನಿನ್ನಪ್ಪನದು. ನನ್ನನ್ನು ಕ್ಷಮಿಸು ಅನ್ನುವುದಿಲ್ಲ, ಅದು ನಿನಗೆ ಬಿಟ್ಟದ್ದು. ಆ ಗಿಟಾರ್ ಈಗ ಒಂದೇ ಕಡ್ಡಿಯಷ್ಟು ಎತ್ತರಕ್ಕಿದೆ. ಜಿಪ್ ತೆಗೆದು ಹೊರಗಿಟ್ಟಿರುತ್ತೇನೆ, ಬರುವಾಗ ಕಾಲಿಗೆ ಎಡವುವ ಜಾಗದಲ್ಲಿ.

ಚಪ್ಪಾಳೆ ಬೇಡ. ಈಗ ಮಕ್ಕಳು ನುಡಿಸುತ್ತಾರೆ, ಅವರಿಗೆ ಉಳಿಸಿಕೊಳ್ಳಿ. ಆವತ್ತಿನ ಸಭೆ ನಾನು ಹೇಳಿದ್ದಕ್ಕೆ ನಕ್ಕಿತ್ತು. ನೀವು ನಗಲಿಲ್ಲ. ಅದಕ್ಕಾಗಿ ನಿಮಗೆಲ್ಲ ನನ್ನ ವಂದನೆಗಳು.

ನಮಸ್ಕಾರ.