ಸುಗ್ಗಿಯ ಬರಿಗಾಲು

ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತು ಈಗಾಗಲೇ ಒಮ್ಮೆ ಗಡಿಯಾರ ನೋಡಿಕೊಂಡಿರುವ ಅಧ್ಯಕ್ಷರಾದ ಪರಮಶಿವಯ್ಯನವರೇ, ಮಕ್ಕಳಿಗೆಲ್ಲ ಶೂ ಕೊಡಿಸಿರುವ ಬೆಳೆಗಾರ ಮಿತ್ರರೇ, ಮುಖ್ಯೋಪಾಧ್ಯಾಯಿನಿ ಸುಮನಾ ಮೇಡಂ ಅವರೇ, ಯಸಳೂರು ಸುತ್ತಿನ ಹಳ್ಳಿಗಳಿಂದ ಬಂದಿರುವ ಸಭಿಕರೇ, ಹೊಸ ಶೂ ಡಬ್ಬಿಯನ್ನು ಆಗಲೇ ತೆರೆದು ಮೂಸಿ ನೋಡುತ್ತಿರುವ ಮಕ್ಕಳೇ,

ಮೊನ್ನೆ ಮೇಡಂ ಫೋನ್ ಮಾಡಿ, “ನಟರಾಜಣ್ಣ, ವಾರ್ಷಿಕೋತ್ಸವಕ್ಕೆ ನೀವು ಬರಬೇಕು. ಮಕ್ಕಳಿಗೆ ಶೂ ಯಾಕೆ ಬೇಕು ಅಂತ ಎರಡು ಮಾತು ಹೇಳಬೇಕು” ಎಂದರು. ನನಗೆ ನಗು ಬಂತು. ಹೋದ ವರ್ಷದ ಸುಗ್ಗಿಯಿಂದ ಈಚೆಗೆ ಈ ಸೀಮೆಯಲ್ಲಿ ಬರಿಗಾಲಿಗೆ ಹೆಸರಾದವನೇ ನಾನು. ಇವತ್ತು ನಾನು ದಪ್ಪ ಬೂಟು ಹಾಕಿಕೊಂಡು ಮೆಟ್ಟಿಲು ಹತ್ತಿದಾಗ ಹಿಂದಿನ ಸಾಲಿನಲ್ಲಿ ಗುಸುಗುಸು ಆಗಿದ್ದು ನನಗೂ ಕೇಳಿಸಿತು.

ಮನುಷ್ಯನಿಗೆ ಶೂ ನಿಜವಾಗಿ ಬೇಕೇ? ನೀವೇ ಯೋಚಿಸಿ. ನಾನು ಇದೇ ಶಾಲೆಗೆ ಬರಿಗಾಲಲ್ಲಿ ನಡೆದು ಬಂದವನು. ನಮ್ಮ ಮನೆಯಿಂದ ಹಳ್ಳದವರೆಗೆ ತೋಟದ ತರಗೆಲೆ, ಮೆತ್ತಗೆ, ಒಳಗೆ ತೇವ. ಹಳ್ಳದಲ್ಲಿ ನುಣ್ಣನೆಯ ಕಲ್ಲು, ಮೇಲೆ ಪಾಚಿ. ಹಳ್ಳ ದಾಟಿದರೆ ಬಾಣೆ, ಬರೀ ಹುಲ್ಲುಗಾವಲು, ಬೆಳಗಿನ ಇಬ್ಬನಿಗೆ ಹಿಮ್ಮಡಿಯವರೆಗೆ ತಣ್ಣಗೆ. ಮಂಜು ಕವಿದು ಕೈ ಚಾಚಿದರೆ ಕೈ ಕಾಣದ ದಿನಗಳಲ್ಲೂ ನಾವು ದಾರಿ ತಪ್ಪಿದ್ದಿಲ್ಲ. ಎಲ್ಲಿದ್ದೇವೆ ಎಂದು ಕಾಲು ಹೇಳುತ್ತಿತ್ತು. ಹಾಸನಕ್ಕೆ ಕಾಲೇಜಿಗೆ ಹೋದಾಗ ಅಪ್ಪ ಮೊದಲ ಸಲ ಶೂ ಕೊಡಿಸಿದರು. ಹಾಕಿಕೊಂಡು ನಡೆದರೆ ಊರೆಲ್ಲ ಒಂದೇ ಥರ. ಬಸ್‌ಸ್ಟ್ಯಾಂಡೂ ಅದೇ, ದೇವಸ್ಥಾನದ ಬೀದಿಯೂ ಅದೇ. ಬಹಳ ಬೇಜಾರಾಗಿತ್ತು ನನಗೆ.

ಈಗಲೂ ಕನಸಿನಲ್ಲಿ ನಾನು ಆ ದಾರಿಯಲ್ಲೇ ನಡೆಯುತ್ತೇನೆ. ಕನಸಿನಲ್ಲಿ ಇಬ್ಬನಿ ಚೆನ್ನಾಗಿ ತಣ್ಣಗಿರುತ್ತದೆ. ಎದ್ದ ಮೇಲೆ ಮಂಚದಿಂದ ಕಾಲು ಇಳಿಬಿಟ್ಟು ಸುಮ್ಮನೆ ಕೂರುತ್ತೇನೆ.

ಇರಲಿ, ಶೂ ವಿಷಯಕ್ಕೆ ಬರುತ್ತೇನೆ. ಅಧ್ಯಕ್ಷರು ಘಟ್ಟದ ಕೆಳಗಿನಿಂದ ವ್ಯಾಪಾರಕ್ಕೆ ಬಂದು ನೆಲೆಸಿದವರು, ಅವರಿಗಾಗಿ ಹೇಳುತ್ತೇನೆ. ನಮ್ಮೂರಲ್ಲಿ ಸುಗ್ಗಿ ಹಬ್ಬ ಶುರುವಾಯಿತು ಎಂದು ಸಾರಿದ ಮೇಲೆ ಊರಿನ ಗಡಿಯೊಳಗೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ. ಹಸಿ ಮರ ಕಡಿಯುವಂತಿಲ್ಲ, ನೆಲ ಅಗೆಯುವಂತಿಲ್ಲ. ಭೂಮಿ ಬಾಣಂತಿ ಇದ್ದ ಹಾಗೆ, ಅವಳನ್ನು ನೋಯಿಸಬಾರದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅಮ್ಮನ ಗುಡಿಯ ಮುಂದಿನ ಬಯಲಲ್ಲಿ ಕುಣಿತ. ಕುಣಿತದ ಸಾಲಿನಲ್ಲಿ ಮೊದಲ ಹೆಜ್ಜೆ ನಮ್ಮ ಮನೆಯದು. ಅಪ್ಪ ಇಟ್ಟರು, ಅವರ ನಂತರ ನಾನು.

ಹೋದ ವರ್ಷ ಕುಣಿಯುವಾಗ ಬಯಲಲ್ಲಿ ಸೀಳಿದ ಬಿದಿರಿನ ಚೂರೊಂದು ಬಿದ್ದಿತ್ತು. ಅದು ನನ್ನ ಅಂಗಾಲಿಗೆ ಹೊಕ್ಕಿತು. ನಾನು ಕುಣಿಯುತ್ತಲೇ ಇದ್ದೆ. ಹಿಂದಿನವರು ನೆಲದ ಮೇಲೆ ರಕ್ತದ ಹೆಜ್ಜೆ ನೋಡಿ ಡೋಲು ನಿಲ್ಲಿಸಿದರು. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದವನು ನಾನೇ. ಊರಿನ ಹಿರಿಯರಾದ ಜವರಪ್ಪಣ್ಣ ಮುಂದೆ ಬಂದು, ಚೂರನ್ನು ಕಿತ್ತು ಎಲ್ಲರಿಗೂ ತೋರಿಸಿ, “ನೋಡ್ರೋ, ಇಷ್ಟುದ್ದ ಹೊಕ್ಕೈತೆ, ಇವನು ಹಾ ಅನ್ನಲಿಲ್ಲ. ಅಮ್ಮ ಇವನ್ ಕಾಲಿಗೆ ಬಂದವ್ಳೆ ಕಣ್ರೋ” ಎಂದರು. ಹೆಂಗಸರು ಅರಿಶಿನದ ನೀರು ತಂದು ನನ್ನ ಕಾಲು ತೊಳೆದರು. ಹೆಗ್ಗದ್ದೆಯಿಂದ, ಮಾರನಹಳ್ಳಿಯಿಂದ ಜನ ಬಂದು ನಮಸ್ಕಾರ ಮಾಡಿದರು.

ನಾನು ನಂಬಿದೆ, ಸಭಿಕರೇ. ಯಾರು ನಂಬುವುದಿಲ್ಲ ಹೇಳಿ? ಅಮ್ಮ ನನ್ನ ನೋವನ್ನು ತೆಗೆದುಕೊಂಡಳು ಎಂದುಕೊಂಡು ನಾನು ಗಾಳಿಯಲ್ಲಿ ನಡೆದ ಹಾಗೆ ಓಡಾಡಿದೆ. ಗಾಯಕ್ಕೆ ವಿಭೂತಿ ಹಚ್ಚಿದೆ. ಅಷ್ಟು ಸಂತೋಷದ ದಿನಗಳು ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಆಗ ಕಣದಲ್ಲಿ ಮೆಣಸು ಒಣಹಾಕಿತ್ತು. ನಡು ಮಧ್ಯಾಹ್ನ ಕಣದ ಸಿಮೆಂಟಿನ ಮೇಲೆ ಬರಿಗಾಲಿಟ್ಟರೆ ಯಾರಾದರೂ ಕುಪ್ಪಳಿಸಲೇಬೇಕು. ನಾನು ಮೆಣಸು ಕೆದಕಿ, ಅಲ್ಲೇ ನಿಂತು ಮೋಡ ನೋಡುತ್ತಿದ್ದೆ. ನನ್ನ ಹೆಂಡತಿ ಗಂಗಾಮಣಿ ಜಗುಲಿಯಿಂದ ನೋಡಿದಳು. “ಏನ್ರೀ, ಕಣ ಕಾದು ಕೆಂಡ ಆಗೈತೆ. ಕಾಲು ಸುಡಾಕಿಲ್ವಾ?” ಎಂದಳು. ಇಲ್ಲ ಎಂದೆ. ಊರೆಲ್ಲ ಕೈ ಮುಗಿದ ಕಾಲನ್ನು ಅವಳು ಹಿಡಿದು ತಿರುಗಿಸಿ, ಮೂಸಿ ನೋಡಿದಳು. ನೋಡಿ ಅತ್ತಳು. “ಅಮ್ಮ ಬಂದಿದ್ರೆ ಹಿಂಗೆ ಕೊಳೀತಿರಲಿಲ್ಲ” ಎಂದು ಅವತ್ತೇ ಹಾಸನಕ್ಕೆ ಹೊರಡಿಸಿದಳು.

ಕೊಳೆತ ಹಬ್ಬಿದ್ದ ಕಾಲ್ಬೆರಳೊಂದನ್ನು ಡಾಕ್ಟರು ತೆಗೆದರು. ಸಕ್ಕರೆ ಕಾಯಿಲೆ ಬಹಳ ದಿನದಿಂದ ಇತ್ತಂತೆ, ಕಾಲಿನ ನರಗಳನ್ನು ತಿಂದು ಹಾಕಿದೆಯಂತೆ. ಇನ್ನೊಂದು ಗಾಯವಾದರೆ ಪಾದ ಉಳಿಯುವುದಿಲ್ಲ ಎಂದರು. ಮಕ್ಕಳೇ, ಮೇಡಂ ಕೇಳಿದ ಪ್ರಶ್ನೆಗೆ ಇದೇ ನನ್ನ ಉತ್ತರ. ಕಾಲಿಗೆ ನೋವು ಗೊತ್ತಾಗುತ್ತಿರುವವರೆಗೆ ಬರಿಗಾಲಲ್ಲಿ ಎಲ್ಲಿ ಬೇಕಾದರೂ ನಡೆಯಿರಿ. ಮುಳ್ಳು ಚುಚ್ಚಿದಾಗ ಅಳು ಬಂದರೆ ನಿಮ್ಮ ಕಾಲು ಚೆನ್ನಾಗಿದೆ ಎಂದು ಅರ್ಥ. ಮೇಡಂ, ನಾನು ಶೂ ಬೇಡ ಎನ್ನುತ್ತಿಲ್ಲ, ಗಾಬರಿಯಾಗಬೇಡಿ. ಮಳೆಗಾಲದಲ್ಲಿ ಜಿಗಣೆಗಳಿಗಂತೂ ಹೆದರಲೇಬೇಕು.

ನನಗೆ ಮಾತ್ರ ಈಗಲೂ ಆಸೆ ಹೋಗಿಲ್ಲ. ಬೆಳಿಗ್ಗೆ ಮನೆಯವರು ಏಳುವ ಮೊದಲು ಬೂಟು ಬಿಚ್ಚಿಟ್ಟು ಬಾಣೆಗೆ ಹೋಗುತ್ತೇನೆ. ಇಬ್ಬನಿಯ ಮೇಲೆ ನಿಂತು, ಇವತ್ತಾದರೂ ಕಾಲಿಗೆ ತಣ್ಣಗೆ ಅನ್ನಿಸಬಹುದೇನೋ ಎಂದು ಕಾಯುತ್ತೇನೆ. ಕಾಲು ಒದ್ದೆಯಾಗಿರುವುದು ಕಣ್ಣಿಗೆ ಕಾಣುತ್ತದೆ, ಅಷ್ಟೇ.

ಎರಡನೇ ಸಾಲಿನಿಂದ ಗಂಗಾಮಣಿ ನನ್ನನ್ನು ನೋಡುತ್ತಿದ್ದಾಳೆ. ಈ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ಭಾಷಣದಲ್ಲಿ ಹೇಳಬೇಕೆಂದೂ ಇರಲಿಲ್ಲ. ಬಂದುಬಿಟ್ಟಿತು.

ಮುಂದಿನ ತಿಂಗಳು ಸುಗ್ಗಿ. ಜವರಪ್ಪಣ್ಣ ಮೊನ್ನೆ ಮನೆಗೆ ಬಂದು, “ಡಾಕ್ಟ್ರು ಏನ್ ಬೇಕಾದ್ರೂ ಹೇಳ್ಲಿ ಬುಡೋ ಮಾರಾಯ. ಮೊದಲ್ನೇ ಹೆಜ್ಜೆ ನಿಂದೇ. ಅಮ್ಮ ನೋಡ್ಕಂತಾಳೆ” ಎಂದು ಹೇಳಿ ಹೋದರು. ಅವತ್ತಿನಿಂದ ನನಗೆ ನಿದ್ದೆ ಸರಿಯಿಲ್ಲ. ಹೋಗಬೇಕು ಎಂದು ಪ್ರಾಣ ಹೊಡೆದುಕೊಳ್ಳುತ್ತದೆ. ಹೋದರೆ ಇರುವ ಕಾಲೂ ಹೋಗುತ್ತದೆ. ಇಲ್ಲಿಗೆ ಬರುವಾಗಲೂ ನಾನು ಏನನ್ನೂ ತೀರ್ಮಾನ ಮಾಡಿರಲಿಲ್ಲ.

ಜವರಪ್ಪಣ್ಣ, ನೀವು ಬಾಗಿಲ ಹತ್ತಿರ ನಿಂತಿದ್ದೀರಿ, ಎಲ್ಲರೆದುರು ಹೇಳುತ್ತೇನೆ. ಈ ಸಲ ನಾನು ಬೂಟು ಹಾಕಿಕೊಂಡು ಊರ ಗಡಿಯ ಆಚೆ, ಟಾರು ರಸ್ತೆಯ ಮೇಲೆ ನಿಲ್ಲುತ್ತೇನೆ. ಡೋಲು ಅಲ್ಲಿಗೂ ಕೇಳಿಸುತ್ತದೆ. ಅಮ್ಮನಿಗೆ ಅಲ್ಲಿಂದಲೇ ಕೈ ಮುಗಿಯುತ್ತೇನೆ. ಮೊದಲ ಹೆಜ್ಜೆ ನಮ್ಮ ಮನೆಯದೇ ಆಗಬೇಕು ಎಂದಾದರೆ ಗಂಗಾಮಣಿ ಇಡಲಿ. ಹೆಂಗಸರು ಇಟ್ಟಿದ್ದಿಲ್ಲ ಎನ್ನುತ್ತೀರಿ, ಗೊತ್ತು. ಆದರೆ ಅವಳ ಕಾಲಿಗೆ ಭೂಮಿ ಗೊತ್ತಾಗುತ್ತದೆ, ನನ್ನದಕ್ಕೆ ಗೊತ್ತಾಗುವುದಿಲ್ಲ. ನೋಯಿಸಬಾರದು ಎಂದ ನೆಲದ ಮೇಲೆ ಯಾರು ಕುಣಿಯಬೇಕು, ನೀವೇ ಹೇಳಿ.

ಕುಣಿದು ಬಂದ ಮೇಲೆ, ಗಂಗಾಮಣಿ, ನೆಲ ಹೇಗಿತ್ತು ಅಂತ ನನಗೆ ಹೇಳು. ಬಿಸಿ ಇತ್ತಾ, ತಂಪಿತ್ತಾ, ಎಲ್ಲಿ ಚುಚ್ಚಿತು, ಎಲ್ಲ ಹೇಳು.

ಕರೆದ ಮೇಡಂ ಅವರಿಗೆ, ನಡುವೆ ಚೀಟಿ ಕಳಿಸದೆ ತಾಳಿಕೊಂಡ ಅಧ್ಯಕ್ಷರಿಗೆ, ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.