ಮೇಲೆ ಬಂದ ಬಿಲ್ಲೆ

ಬ್ಯಾಡ ಅಂದ್ಬುಡು ಅತ್ಗೆ! ಅಷ್ಟೇ. ಕಟ್ಕೊಂಡೋಳು ಬ್ಯಾಡ ಅಂದ್ರೆ ಅಣ್ಣನ ಎಸ್ರಿನ ಆ ಕಲ್ಲು ನೆಡಕ್ಕೆ ಯಾವನ್ಗೂ ಧೈರ್ಯ ಬರಲ್ಲ. ನಾಳೆ ಬೆಳಗ್ಗೆ ನೆಡ್ತಾರಂತೆ, ಅದ್ಕೇ ಕ್ಯಾಸಂಬಳ್ಳಿಯಿಂದ ಎದ್ದೆನೋ ಬಿದ್ದೆನೋ ಅಂತ ಬಸ್ ಇಡ್ಕೊಂಡು ಬಂದೆ... ನೀನು ನೋಡಿದ್ರೆ ನಗ್ತೀಯ. ಯಾಕ್ ನಗ್ತೀಯ?

ಅದ್ರಲ್ಲಿ ಏನ್ ಕೆತ್ತಿಸವ್ರೆ ಗೊತ್ತಾ? ಎಪ್ಪತ್ತೆರಡ್ರಲ್ಲಿ ಗಣಿ ಒಳಗೆ ಬಂಡೆ ಸಿಡ್ದಾಗ, ಮೇಲೆ ಬಂದಿದ್ದ ಶ್ರೀನಿವಾಸಪ್ಪ ಮತ್ತೆ ಇಳಿದು ಆರು ಜನರ ಜೀವ ಉಳಿಸಿ ತಾನು ಸತ್ತ ಅಂತ! ಆರು ಜನ! ಯಾರಮ್ಮ ಆ ಆರು ಜನ? ಒಬ್ಬನ ಎಸ್ರು ಏಳ್ಲಿ ನೋಡಾನ! ಬಂಗಾರಪೇಟೆ ಸ್ಟೇಷನ್ನಾಗೆ ಟೀ ಮಾರೋನು ಅನ್ನೆರಡು ಅಂತಾನೆ. ಇನ್ನೊಬ್ಬ ಮೊನ್ನೆ, ಜನ ಇಳಿಸೋ ಕೇಜು ನಿಂತೋಗಿತ್ತು, ಅಣ್ಣ ಅಗ್ಗ ಇಡ್ಕೊಂಡೇ ಇಳಿದ ಅಂತ ನನ್ ಮುಂದೇನೇ ಅಂದ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ!

ಊ, ನಾನೇ ಮೈಕ್ ಮುಂದೆ ಮಾತಾಡ್ಬೇಕಂತೆ. 'ಕಣ್ಣಾರೆ ಕಂಡೋನು ನೀನೊಬ್ನೇ, ಮುನಿನಾರಾಯಣಪ್ಪ' ಅಂತಾರೆ. ಏನ್ ಕಂಡೆ ನಾನು? ಅಣ್ಣ ಸಿಕ್ಕಿದ್ದು ಅವ್ನ ಡ್ರಿಲ್ ಪಕ್ಕಾನೇ, ದಿನಾ ಕೆಲ್ಸ ಮಾಡೋ ಜಾಗದಲ್ಲೇ. ಆ ಕಡೆ ಇದ್ದಿದ್ದೇ ಇಬ್ರು, ಅಣ್ಣ, ನಾನು. ಇನ್ ಯಾರ್ನ ಉಳಿಸ್ತಾನೆ?

ಅಲ್ಲ... ನಿಂಗೋಸ್ಕರಾನೇ ಏಳ್ತಿರೋದು ಅತ್ಗೆ. ಊರಿಗೆಲ್ಲ ದೇವ್ರಾದ, ಈ ಮನೇಲಿ ಮಾತ್ರ ಅವ್ನ ಫೋಟೋ ಅದಿನೇಳು ವರ್ಷದಿಂದ ಗೋಡೆ ಕಡೆ ಮುಖ ಮಾಡ್ಕೊಂಡದೆ. 'ಮೇಲೆ ಬಂದು ಬೆಳಕು ನೋಡಿದೋನು, ನನ್ನ, ಮಗೂನ ನೆನೆಸ್ಕೊಳ್ದೆ ಮತ್ತೆ ಇಳಿದ್ನಲ್ಲ' ಅಂತ ಒಂದು ಅಬ್ಬಕ್ಕಾದ್ರೂ ಎಡೆ ಇಟ್ಟೋಳಲ್ಲ ನೀನು. ಕಲ್ಲು ನೆಟ್ರೆ ಆ ಉರಿ ಆರುತ್ತಾ?

ಪೆಟ್ಟಿಗೇಲಿ ಏನ್ ಉಡುಕ್ತಿದೀಯ? ...ಅಯ್ಯೋ. ಬಿಲ್ಲೆ. ಕಂಪ್ನಿಯೋರು ಕೊಟ್ಟ ಅಣ್ಣನ ನಂಬರ್ ಬಿಲ್ಲೆ, ಇನ್ನೂ ಮಡಿಕ್ಕೊಂಡಿದೀಯಾ ಇದ್ನ?

ಗೊತ್ತು, ಗೊತ್ತು. ಇಳಿಯೋವಾಗ ಈಸ್ಕೋಬೇಕು, ಮೇಲೆ ಬಂದ್ಮೇಲೆ ಕಿಟಕೀಲಿ ಕೊಡ್ಬೇಕು. ಬಿಲ್ಲೆ ಬಂದ್ರೆ ಮನುಷ್ಯ ಬಂದ ಅಂತ ಲೆಕ್ಕ. ಅಣ್ಣನ ಬಿಲ್ಲೆ ಮೇಲಿತ್ತು, ಎಣ ಕೆಳಗೆ ಸಿಕ್ತು. ಅದ್ಕೇ ತಾನೆ ಮತ್ತೆ ಇಳಿದ ಅಂದಿದ್ದು ಜನ! ನಾನಾ ಆ ಕತೆ ಕಟ್ಟಿದ್ದು? ಕೇಳಿದ್ರು... ನಾನು ಬರೀ ಊ ಅಂದೆ. ಅಷ್ಟೇ.

ಯಾಕಂಗೆ ನೋಡ್ತೀಯ? ಬ್ಯಾಡ... ನನ್ ಕೈಗ್ಯಾಕೆ ಕೊಡ್ತೀಯ ಅದ್ನ? ಇದು ಯಾರತ್ರ ಇರ್ತಿತ್ತು... ಅಂತಾನಾ?

ಚೀಲ. ಆ ಎರಡು ಜೇಬಿನ ಚೀಲ... ಸೂಜಿ ದಾರ ಇಡ್ದು ಒಲ್ದೋಳು ನೀನೇ ಅಲ್ವಾ. ಅಣ್ಣ ಎರಡ್ ಸಲ ಬಿಲ್ಲೆ ಕಳ್ಕೊಂಡು ಬೈಸ್ಕೊಂಡ. 'ಲೋ, ಇಬ್ರುದೂ ನೀನೇ ಇಟ್ಕೊಳ್ಳೋ, ಇವ್ರು ಮರೆಗುಳಿ' ಅಂತ ನೀನೇ ನನ್ ಎಗಲಿಗೆ ಆಕ್ದೆ. ಅವತ್ತಿಂದ ದಿನಾ ನಾನೇ ಎರಡೂ ಕೊಡ್ತಿದ್ದೆ.

ವಾಪಸ್ ಈಸ್ಕೋ ಅತ್ಗೆ ಇದ್ನ... ನಿನ್ ಕಾಲಿಗೆ ಬೀಳ್ತೀನಿ.

ಆ ದಿನ ಬಂಡೆ ಕಟಕಟ ಅಂತು. ಅಣ್ಣ ಒಳ್ಗಡೆ ಡ್ರಿಲ್ ಇಡ್ದಿದ್ದ, ಆ ಸದ್ದಲ್ಲಿ ಅವನ್ಗೆ ಏನೂ ಕೇಳ್ಸಲ್ಲ. ಇಪ್ಪತ್ತು ಎಜ್ಜೆ. ಓಗಿ ಬುಜ ಮುಟ್ಟಿದ್ರೆ ಸಾಕಿತ್ತು. ಇಪ್ಪತ್ತೇ ಎಜ್ಜೆ ಅತ್ಗೆ... ಓಡ್ಬುಟ್ಟೆ. ಅಣ್ಣಾ ಅಂತ ಕೂಗ್ಲೂ ಇಲ್ಲ. ಕೇಜು ಮೇಲೆ ಬರೋಷ್ಟ್ರಲ್ಲಿ ಕೆಳಗೆ ಸಿಡೀತು, ನೆಲಾನೇ ಅದ್ರೋಯ್ತು. ಕಿಟಕಿ ಅತ್ರ ಚೀಲಕ್ಕೆ ಕೈ ಆಕ್ದೆ. ದಿನಾ ಕೊಡೋ ಅಂಗೇ ಕೊಟ್ಟೆ. ಎರಡೂ ಕೊಟ್ಬುಟ್ಟೆ!

ಆಮೇಲೆ... ಎರಡು ದಿನ ಕೆಳಗಿಂದ ಪೈಪ್ ಬಡಿಯೋ ಸದ್ದು ಬರ್ತಿತ್ತು, ಯಾವ್ ಕಡೆಯಿಂದ ಅಂತ ಅವ್ರಿಗೆ ಗೊತ್ತಾಗ್ಲಿಲ್ಲ. ಟಣ್, ಟಣ್. ನಮ್ ಕಡೆಯೋರ ಬಿಲ್ಲೆ ಎಲ್ಲ ಬಂದದೆ, ಅಲ್ಲಿ ಯಾರೂ ಇಲ್ಲ ಅಂತ ಬೇರೆ ಕಡೆ ಮಣ್ಣು ತೆಗೆದ್ರು. ನಾನು ಅಲ್ಲೇ ನಿಂತಿದ್ದೆ. ಬಾಯ್ಬಿಟ್ರೆ, ಅವನ್ನ ಬಿಟ್ಟು ನೀನ್ಯಾಕ್ ಬಂದೆ ಅಂತ ಕೇಳ್ತಾರಲ್ಲ... ಮೂರನೇ ದಿನ ಸದ್ದು ನಿಂತೋಯ್ತು.

ಅಣ್ಣ ಮೇಲಕ್ಕೆ ಬರ್ಲೇ ಇಲ್ಲ ಅತ್ಗೆ. ನಿನ್ನ ಮರ್ತು ಇಳೀಲಿಲ್ಲ. ಬೈಯಿ ನನ್ನ. ಪೊರಕೆ ತಗೊಂಡು ಒಡಿ.

ಎಲ್ಲಿಗ್ ಎದ್ದೆ? ಗೋಡೆ ಅತ್ರ ಯಾಕೆ... ಆ ಫೋಟೋನ ಯಾಕ್ ಸೆರಗಲ್ಲಿ ಒರೆಸ್ತಿದೀಯ? ತಡಿ, ತಡಿ... ಚಪ್ಲಿ ಎಲ್ಲಿ ಬಿಟ್ಟೆ ನಾನು... ಒಂದ್ ಗಳಿಗೆ ತಡಿ ಅತ್ಗೆ, ನಾನು ಆಚೆಗೋಗ್ಬುಡ್ತೀನಿ, ಆಮೇಲೆ ತಿರುಗ್ಸು ಅವ್ನ ಮುಖಾನ...